ಮುನ್ನೂರ ಹನ್ನೆರಡನೇ ಸಾಲು

ಮಾರ್ಚ್ 4

ಅತ್ತಿಗೆಯವರಿಗೆ ಗುಬ್ಬಿಯ ನಮಸ್ಕಾರ.

ಈ ಕಾಲದಲ್ಲಿ ಕಾಗದ ಬರೆಯುವ ಹುಚ್ಚು ಇವಳಿಗೇಕೆ ಹಿಡಿಯಿತು ಎಂದು ಲಕೋಟೆಯನ್ನು ಎರಡು ಸಲ ತಿರುಗಿಸಿ ನೋಡಿರುತ್ತೀರಿ. ನನ್ನ ಫೋನು ತನಿಖೆಯವರ ಬೀರುವಿನಲ್ಲಿದೆ. ಹೌದು, ತನಿಖೆ. ನನ್ನ ಮೇಲೆಯೇ. ಇದನ್ನು ಓದಿ ಮುಗಿಸುವವರೆಗೆ ಅಣ್ಣನನ್ನು ಕೂಗಬೇಡಿ, ಮುಗಿಸಿದ ಮೇಲೂ ಕೂಗಬೇಡಿ. ಅವನಿಗೆ ಗೊತ್ತಾದರೆ ಮರುದಿನವೇ ರೈಲು ಹತ್ತಿ ಬಂದು ಕಾರ್ಖಾನೆಯ ಗೇಟಿನ ಮುಂದೆ ನಿಂತು, ಉಳಿದಿರುವ ಮಾನವನ್ನೂ ಕಳೆಯುತ್ತಾನೆ.

ವಿಷಯ ಇಷ್ಟು. ನಾನು ತೂಗುವ ಕೋಣೆಯವಳು ಎಂಬುದು ನಿಮಗೆ ಗೊತ್ತು. ನಾವು ತೂಗುವುದು ನೋವಿನ ಪುಡಿ, ಬೀಗದ ಕಪಾಟಿನ ಸರಕು. ಪೊಟ್ಟಣಕ್ಕೆ ಎರಡು ಗ್ರಾಂ. ಡಬ್ಬಿಯಿಂದ ಯಂತ್ರವೇ ಪುಡಿಯನ್ನು ತೆಳು ತಗಡಿನ ಬಟ್ಟಲಿಗೆ ಸುರಿಯುತ್ತದೆ, ತಕ್ಕಡಿ ಸಾಕು ಎಂದಾಗ ನಿಲ್ಲಿಸುತ್ತದೆ. ಪಾಳಿ ಶುರುವಾಗುವಾಗ ಖಾಲಿ ಬಟ್ಟಲನ್ನು ಇಟ್ಟು 'ಇದರ ತೂಕ ಕಳೆದು ಲೆಕ್ಕ ಹಿಡಿ' ಎಂದು ತಕ್ಕಡಿಗೆ ಹೇಳಿಕೊಡುವುದು ನನ್ನ ಕೆಲಸ. ಮೊದಲ ಪೊಟ್ಟಣವನ್ನು ಬೇರೆ ತಕ್ಕಡಿಯಲ್ಲಿ ತೂಗಿ ಪರೀಕ್ಷಿಸುತ್ತೇನೆ. ಆಮೇಲೆ ಗಾಜಿನ ಈಚೆ ನಿಂತು ಕಾಯುವುದಷ್ಟೇ.

ಕಳೆದ ತಿಂಗಳು ಆಸ್ಪತ್ರೆಯ ನರ್ಸೊಬ್ಬರಿಗೆ ಅನುಮಾನ ಬಂದು ಹನ್ನೊಂದು ಪೊಟ್ಟಣಗಳನ್ನು ತೂಗಿಸಿದರಂತೆ. ಒಂದೊಂದರಲ್ಲೂ ಒಂದು ಪಾಯಿಂಟ್ ಆರು ಗ್ರಾಂ ಮಾತ್ರ. ಹನ್ನೊಂದೂ ನನ್ನ ಪಾಳಿಯವು. ನಮ್ಮ ವಿಭಾಗದ ಮ್ಯಾನೇಜರ್ ಅವನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿಟ್ಟು, "ಪುಡಿಗೆ ಕಾಲು ಬರಲ್ಲಮ್ಮ, ಯಾರೋ ಎತ್ಕೊಂಡೇ ಹೋಗ್ಬೇಕು" ಎಂದರು. ಅಂದಿನಿಂದ ನನ್ನನ್ನು ಕೋಣೆಯೊಳಗೆ ಬಿಡುತ್ತಿಲ್ಲ. ಬೆಳಿಗ್ಗೆ ಬಂದು ಸಹಿ ಹಾಕಿ, ಹೊರಗಿನ ಬೆಂಚಿನ ಮೇಲೆ ಸಂಜೆಯವರೆಗೆ ಕೂರಬೇಕು. ಹೋಗಿ ಬರುವವರೆಲ್ಲ ನನ್ನ ಚೀಲವನ್ನು ನೋಡುತ್ತಾರೆ, ಮುಖವನ್ನಲ್ಲ.

ಆ ತಕ್ಕಡಿಗಳಿಗೂ ಕಂಪ್ಯೂಟರಿಗೂ ನಡುವೆ ಇರುವ ಡ್ರೈವರ್ ನಿಮ್ಮ ಕಂಪನಿಯದು ಎಂದು ನೀವೇ ಒಮ್ಮೆ ಹೇಳಿದ್ದಿರಿ. ಯಂತ್ರ ತಪ್ಪು ತೂಗಬಹುದೇ? ಏಪ್ರಿಲ್ 9ಕ್ಕೆ ವಿಚಾರಣೆ. ಅಂದು ಕಳ್ಳಿ ಎಂದು ಬರೆದರೆ ಮುಂದೆ ಯಾವ ಔಷಧದ ಕಾರ್ಖಾನೆಯೂ ನನ್ನನ್ನು ಹೊಸ್ತಿಲು ದಾಟಿಸುವುದಿಲ್ಲ.

ಅಮ್ಮನ ಸೊಂಟದ ನೋವು ಹತೋಟಿಯಲ್ಲಿದೆ. ಚೆನ್ನಾಗಿ ನಿದ್ದೆ ಮಾಡುತ್ತಾಳೆ. ಅಣ್ಣನಿಗೆ ಅಷ್ಟನ್ನು ಮಾತ್ರ ಹೇಳಿ.

ಗುಬ್ಬಿ

*

ಮಾರ್ಚ್ 9

ಪ್ರೀತಿಯ ಗುಬ್ಬಿ,

ನಿಮ್ಮಣ್ಣ ಲಕೋಟೆ ನೋಡಿ, "ಅತ್ತಿಗೆ ನಾದಿನಿ ಕಾಗದ ಬರ್ಕೊಳ್ಳೋಕೆ ಶುರು ಮಾಡಿದ್ರೆ ಮನೆ ಮುರಿಯೋ ಸಂಚೇ ಇರ್ಬೇಕು" ಎಂದರು. ನಾನು ನಕ್ಕು ಲಕೋಟೆಯನ್ನು ಚೀಲಕ್ಕೆ ಹಾಕಿಕೊಂಡೆ. ನೀನೂ ನನ್ನ ಕಚೇರಿಯ ವಿಳಾಸಕ್ಕೆ ಏನನ್ನೂ ಕಳಿಸಬೇಡ. ಅಲ್ಲಿಗೆ ಬರುವುದನ್ನೆಲ್ಲ ವಕೀಲರ ವಿಭಾಗ ಓದುತ್ತದೆ.

ಕೇಳಿದ್ದಕ್ಕೆ ಹೇಳುತ್ತೇನೆ. ನಿಮ್ಮ ಯಂತ್ರದಲ್ಲಿ ನಾಲ್ಕು ತಕ್ಕಡಿಗಳೂ ಲೇಬಲ್ ಓದುವ ಒಂದು ರೀಡರೂ ಒಂದೇ ತಂತಿಯ ದಾರಿಯಲ್ಲಿ ಕೂತಿವೆ. ಆ ದಾರಿಗೆ ನಾವು ಬಸ್ ಎನ್ನುತ್ತೇವೆ. ಕಂಪ್ಯೂಟರಿನ ಒಳಗೆ ಎಲ್ಲವನ್ನೂ ಆಳುವ ಯಜಮಾನನಿಗೆ ಕರ್ನಲ್ ಎಂದು ಹೆಸರು. ಒಂದೊಂದು ಉಪಕರಣದ ಮಾತನ್ನು ಅವನಿಗೆ ತಿಳಿಸಿಕೊಡುವ ದುಭಾಷಿ ಡ್ರೈವರ್. ಅತ್ತೆಯವರು ಬಸ್ಸು, ಡ್ರೈವರ್ ಎರಡನ್ನೂ ಕೇಳಿ ಸೊಸೆ ಸಾರಿಗೆಯ ಕೆಲಸದಲ್ಲಿದ್ದಾಳೆ ಎಂದು ಪಕ್ಕದ ಮನೆಯವರಿಗೆ ಹೇಳಿದ್ದು ನೆನಪಿರಬೇಕು.

ರೀಡರ್ ಉತ್ತರ ಕೊಡದೆ ಕೂತುಬಿಟ್ಟರೆ ಕರ್ನಲ್ ಐದು ಸೆಕೆಂಡು ಕಾಯುತ್ತದೆ, ಆಮೇಲೆ ಇಡೀ ಬಸ್ಸನ್ನೇ ರೀಸೆಟ್ ಮಾಡುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಒಂದು ಮನೆಯ ತಂತಿ ಸರಿಮಾಡಲು ಲೈನ್‌ಮನ್ ಇಡೀ ಬೀದಿಯ ಕರೆಂಟು ತೆಗೆದರೆ, ಕರೆಂಟು ಬಂದಾಗ ಎಲ್ಲರ ಮನೆಯ ಗಡಿಯಾರವೂ ಸೊನ್ನೆ ತೋರಿಸುತ್ತದಲ್ಲ, ಹಾಗೆ ತಕ್ಕಡಿಗಳೂ ಬೆಳಿಗ್ಗೆ ನೀನು ಹೇಳಿಕೊಟ್ಟ ಬಟ್ಟಲಿನ ತೂಕವನ್ನು ಮರೆಯಬಹುದು. ಮರೆತರೆ ಬಟ್ಟಲನ್ನೂ ಪುಡಿ ಎಂದೇ ಲೆಕ್ಕ ಹಿಡಿದು ಅಷ್ಟು ಪುಡಿಯನ್ನು ಕಡಿಮೆ ಸುರಿಸುತ್ತವೆ.

ಆದರೆ ರೀಸೆಟ್ ಆದ ತಕ್ಕಡಿ ಅದನ್ನು ಮುಚ್ಚಿಡುವುದಿಲ್ಲ. ಮುಂದೆ ಏನು ಕೇಳಿದರೂ ಮೊದಲ ಉತ್ತರದಲ್ಲಿ ತೂಕ ಹೇಳದೆ, 'ನಾನು ಈಗಷ್ಟೇ ಎದ್ದಿದ್ದೇನೆ, ಹಳೆಯದು ನೆನಪಿಲ್ಲ' ಎಂದು ತಿಳಿಸುತ್ತದೆ. ಡ್ರೈವರ್ ಅದನ್ನು ಮೇಲಕ್ಕೆ ಮುಟ್ಟಿಸಬೇಕು, ಯಂತ್ರ ನಿಲ್ಲಬೇಕು, ಪರದೆಯ ಮೇಲೆ ಕೆಂಪು ಸಾಲು ಬರಬೇಕು. ನೀನು ಕೆಂಪು ಸಾಲು ನೋಡಿದ್ದೀಯಾ? ಆ ಭಾಗವನ್ನು ನನಗಿಂತ ಹಿಂದೆ ಇದ್ದವರು ಯಾರೋ ಬರೆದದ್ದು, ನನಗೆ ಅಷ್ಟಾಗಿ ಗೊತ್ತಿಲ್ಲ.

ಎರಡು ಕೆಲಸ ಮಾಡು. ಯಂತ್ರ ತನ್ನ ದಿನಚರಿ ಬರೆದುಕೊಳ್ಳುವ ಲಾಗ್ ಇರುತ್ತದೆ, ಸಾಲುಗಳಿಗೆ ಸಂಖ್ಯೆ ಇರುತ್ತದೆ. ಅದರ ಮೊದಲ ಪುಟ, ರೀಸೆಟ್ ಎಂದಿರುವ ಸಾಲುಗಳು, ಡಬ್ಬಿ ಮುಗಿದ ಕೊನೆಯ ದಿನದ ಪೂರ್ತಿ ದಾಖಲೆ, ಇವನ್ನು ಬರೆದು ಕಳಿಸು. ಎರಡನೆಯದು ಇನ್ನೂ ಮುಖ್ಯ. ಯಂತ್ರ ಕಡಿಮೆ ಸುರಿಸಿದ್ದರೆ ಆ ಪುಡಿ ಎಲ್ಲಿಗೂ ಹೋಗುವುದಿಲ್ಲ, ಡಬ್ಬಿಯಲ್ಲೇ ಉಳಿದಿರಬೇಕು. ಉಳಿದಿತ್ತೇ? ಉಳಿದಿದ್ದರೆ ನೀನು ಬಚಾವ್.

ನಿನ್ನ ಅತ್ತಿಗೆ

*

ಮಾರ್ಚ್ 13

ಅತ್ತಿಗೆ,

ಕೆಂಪು ಸಾಲನ್ನು ಈ ಜನ್ಮದಲ್ಲಿ ನೋಡಿಲ್ಲ. ನಮ್ಮ ಕೋಣೆಯ ಹಿರಿಯಳು, ನಾವೆಲ್ಲ ದೊಡ್ಡಕ್ಕ ಎನ್ನುತ್ತೇವೆ, ಅವಳೂ ನೋಡಿಲ್ಲವಂತೆ. ರೀಡರ್ ಆಗಾಗ ಕಣ್ಣು ಮುಚ್ಚಿ ಕೂರುವುದು ಮಾತ್ರ ನಿಜ. ಅದರ ತಂತಿ ಮೇಜಿನ ಮೂಲೆಯಲ್ಲಿ ಮಡಚಿಕೊಂಡಿದೆ. ಸ್ವಲ್ಪ ಹೊತ್ತಿಗೆ ತಾನೇ ಎಚ್ಚರವಾಗುತ್ತದೆ, ನಾವು ತಲೆಕೆಡಿಸಿಕೊಳ್ಳುವುದಿಲ್ಲ.

ನೀವು ಕೇಳಿದ ಸಾಲುಗಳನ್ನು ದೊಡ್ಡಕ್ಕ ಲೇಬಲ್ ಹಾಳೆಯ ಹಿಂಬದಿಗೆ ಬರೆದು, ಬೆಂಚಿನ ಪಕ್ಕ ಹಾದುಹೋಗುವಾಗ ಸೆರಗಿನ ಮರೆಯಲ್ಲಿ ನನ್ನ ಕೈಗಿಟ್ಟಳು. ಅವಳ ಅಕ್ಷರ ಕಾಗೆಯ ಕಾಲು. ಅದಕ್ಕೆ ನಾನೇ ಚೊಕ್ಕವಾಗಿ ಮತ್ತೆ ಬರೆದು ಇದರೊಂದಿಗೆ ಇಟ್ಟಿದ್ದೇನೆ. ಆ ಡಬ್ಬಿ ನಡೆದ ಆರು ವಾರದಲ್ಲಿ ಏಳು ರೀಸೆಟ್. ಯಾವ ಪೊಟ್ಟಣದ ನಂತರ ಆಯಿತು, ಆ ಪಾಳಿ ಎಷ್ಟನೇ ಪೊಟ್ಟಣಕ್ಕೆ ಮುಗಿಯಿತು ಎಂಬುದೂ ಇದೆ.

ಡಬ್ಬಿಯ ವಿಚಾರ. ಡಬ್ಬಿ ಖಾಲಿಯಾಗಿತ್ತು. ಪುಸ್ತಕದಲ್ಲೂ ಹಾಗೆಯೇ ಇದೆ, ನನ್ನ ಸಹಿ ಇದೆ.

ನಿನ್ನೆ ನಿಮ್ಮ ಕಂಪನಿಯಿಂದ ಟೈ ಕಟ್ಟಿದ ಒಬ್ಬರು ಬಂದಿದ್ದರು. ಬೆಂಚಿನ ಮೇಲೆ ನನ್ನ ಪಕ್ಕದಲ್ಲೇ ಕೂತು, ತುಂಬ ನಯವಾಗಿ, "ರೀಡರ್ ಸಿಕ್ಕಿಹಾಕ್ಕೊಂಡಾಗ ನೀವು ವೈರ್ ಕಿತ್ತು ಹಾಕ್ತೀರಲ್ವಾ? ಎಲ್ಲರೂ ಮಾಡ್ತಾರೆ, ತಪ್ಪೇನಿಲ್ಲ" ಎಂದರು. ಕೈಯಲ್ಲಿ ಟೈಪು ಮಾಡಿದ ಹಾಳೆ ಸಿದ್ಧವಾಗಿತ್ತು, ಸಹಿಯ ಜಾಗ ಖಾಲಿ. ನಾನು ವೈರ್ ಮುಟ್ಟಿಲ್ಲ, ಸಹಿಯನ್ನೂ ಮಾಡಲಿಲ್ಲ. ಒಂದು ಮಾತು ಕೇಳಲೇ? ರೀಡರ್ ಸಿಕ್ಕಿಹಾಕಿಕೊಳ್ಳುತ್ತದೆ ಎಂದು ಅವರಿಗೆ ಯಾರು ಹೇಳಿದರು? ನಾನು ಆ ಹೊತ್ತಿಗೆ ಯಾರಿಗೂ ಹೇಳಿರಲಿಲ್ಲ, ನೀವು ನಿಮ್ಮ ಕಾಗದದಲ್ಲಿ ಬರೆದಿದ್ದಿರಿ.

ಅಮ್ಮ ಆರಾಮ. ಮಧ್ಯಾಹ್ನ ಊಟವಾದ ಮೇಲೂ ಒಂದು ನಿದ್ದೆ ತೆಗೆಯುತ್ತಾಳೆ.

ಗುಬ್ಬಿ

*

ಮಾರ್ಚ್ 18

ಗುಬ್ಬಿ,

ನಿನ್ನ ಹಾಳೆಯನ್ನು ಮೂರು ಸಲ ಓದಿದೆ. ಕೊನೆಯ ದಿನದ ಸಾಲುಗಳು 298ರಿಂದ 320ರವರೆಗೆ ಇವೆ. 311 ಆದ ಮೇಲೆ 313 ಇದೆ. ಕಂಪ್ಯೂಟರ್ ಎಣಿಸುವಾಗ ತಪ್ಪುವುದಿಲ್ಲ. ಚೊಕ್ಕವಾಗಿ ಬರೆದವಳು ನೀನು. 312 ಎಲ್ಲಿ?

ಎರಡನೆಯದು, ಡಬ್ಬಿ ಖಾಲಿ ಎನ್ನುತ್ತೀಯ. ರೀಸೆಟ್‌ನಿಂದ ಪುಡಿ ಕಡಿಮೆ ಬಿದ್ದಿದ್ದರೆ ಡಬ್ಬಿ ಖಾಲಿಯಾಗಿರಲು ಸಾಧ್ಯವಿಲ್ಲ. ಡಬ್ಬಿ ಖಾಲಿ ಎಂದರೆ ಪುಡಿಗೆ ಕಾಲು ಬಂದಿದೆ ಎಂದೇ ಅರ್ಥ, ನಿಮ್ಮ ಮ್ಯಾನೇಜರ್ ಹೇಳಿದ್ದನ್ನೇ ನಾನೂ ಹೇಳಬೇಕಾಗುತ್ತದೆ.

ಇನ್ನೊಂದು ಮಾತು ಕೇಳುವುದು ನನಗೆ ಇಷ್ಟವಿಲ್ಲ, ಕೇಳದಿದ್ದರೆ ನಿದ್ದೆ ಬರುವುದಿಲ್ಲ. ಅತ್ತೆಯವರ ಸೊಂಟದ ನೋವಿಗೆ ಎರಡು ವರ್ಷದಿಂದ ಯಾವ ಔಷಧವೂ ನಾಟಲಿಲ್ಲ. ಈಗ ಇದ್ದಕ್ಕಿದ್ದಂತೆ ರಾತ್ರಿಯೂ ನಿದ್ದೆ, ಮಧ್ಯಾಹ್ನವೂ ನಿದ್ದೆ. ಅವರು ಯಾವ ಪುಡಿ ತೆಗೆದುಕೊಳ್ಳುತ್ತಿದ್ದಾರೆ? ಅದು ಎಲ್ಲಿಂದ ಬರುತ್ತಿದೆ?

ತಾಯಿಗಾಗಿ ಯಾರಾದರೂ ಮಾಡಬಹುದಾದದ್ದೇ. ನಾನು ತಪ್ಪು ಎಣಿಸುವುದಿಲ್ಲ. ಆದರೆ ಹಾಗಿದ್ದರೆ ಟೈ ಕಟ್ಟಿದವರ ಹಾಳೆಗೆ ಸಹಿ ಹಾಕಿಬಿಡು. ವೈರ್ ಕಿತ್ತಿದ್ದು ಅಜಾಗರೂಕತೆ, ಕಳ್ಳತನವಲ್ಲ. ಕೆಲಸ ಹೋದರೂ ಹೆಸರು ಉಳಿಯುತ್ತದೆ. ನಮ್ಮ ಮ್ಯಾನೇಜರ್ ಕೂಡ ಹಾಗಾದರೆ ಎಲ್ಲರಿಗೂ ಸಲೀಸು ಎಂದರು.

ಅತ್ತಿಗೆ

*

ಮಾರ್ಚ್ 22

ಅತ್ತಿಗೆಯವರೇ,

ಎಲ್ಲರಿಗೂ ಸಲೀಸು. ಎಲ್ಲರಿಗೂ ಎಂದರೆ ಯಾರಿಗೆ?

ನಿಮ್ಮ ಕಾಗದ ಓದಿದ ಮೇಲೆ ದೊಡ್ಡಕ್ಕ ಕೊಟ್ಟ ಹಾಳೆಯಲ್ಲಿ ನಾನೂ ಲಾಗನ್ನು ಮತ್ತೆ ಓದಿದೆ. ಸಾಲು ಎಣಿಸುವುದು ನಿಮಗೊಬ್ಬರಿಗೇ ಬರುವ ವಿದ್ಯೆಯಲ್ಲ. ಕಂಪ್ಯೂಟರ್ ಚಾಲೂ ಆದಾಗ ಒಂದೊಂದು ಡ್ರೈವರೂ ತನ್ನನ್ನು ಬರೆದವರು ಯಾರೆಂದು ಹೇಳಿಕೊಳ್ಳುತ್ತದೆ. ನಿಮಗೆ ಕಳಿಸಿದ ಹಾಳೆಯ ಮೊದಲನೇ ಸಾಲು ಅದೇ. ದೊಡ್ಡಕ್ಕ ಗೀಚಿಕೊಟ್ಟದ್ದನ್ನು ನಾನು ಅರ್ಥ ನೋಡದೆ ನಕಲು ಮಾಡಿದ್ದೆ. ಈಗ ಅಮ್ಮನ ಪೆಟ್ಟಿಗೆಯಿಂದ ನಿಮ್ಮ ಮದುವೆಯ ಕಾಗದ ತೆಗೆದು ಪಕ್ಕದಲ್ಲಿಟ್ಟು ನೋಡಿದೆ. ಅಕ್ಷರಕ್ಕೆ ಅಕ್ಷರ ನಿಮ್ಮ ತವರಿನ ಹೆಸರು.

'ನನಗಿಂತ ಹಿಂದೆ ಇದ್ದವರು ಯಾರೋ.' ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಯಾರೂ ಕಳ್ಳ ಎನ್ನುವ ಮೊದಲೇ ನೀವು ಮುಟ್ಟಿ ನೋಡಿಕೊಂಡಿರಿ.

ಆರು ವರ್ಷ ನಮ್ಮ ಮನೆಯ ಸೊಸೆಯಾಗಿದ್ದೀರಿ. ನನ್ನನ್ನು ಕಳ್ಳಿ ಎಂದು ನೇರವಾಗಿ ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅಮ್ಮನ ನಿದ್ದೆಯನ್ನು ಸಾಕ್ಷಿಗೆ ಕರೆದಿರಿ. ಅದು ನನ್ನ ಎದೆಗೆ ಚುಚ್ಚಿತು, ಹೇಳಿಬಿಡುತ್ತೇನೆ. ಆ ಹಾಳೆಗೆ ನಾನು ಸಹಿ ಹಾಕುವುದಿಲ್ಲ. ಇನ್ನು ಕಾಗದ ಬರೆಯಬೇಡಿ.

ಮುನ್ನೂರ ಹನ್ನೆರಡರ ಬಗ್ಗೆ ನಿಮಗೆ ಉತ್ತರ ಕೊಡುವ ಋಣ ನನಗಿಲ್ಲ.

*

ಮಾರ್ಚ್ 30

ಗುಬ್ಬಿ,

ಬರೆಯಬೇಡ ಎಂದಿದ್ದೀಯ. ಬರೆಯುತ್ತಿದ್ದೇನೆ.

ಬರೆದವಳು ನಾನೇ. ಆರು ವರ್ಷದ ಹಿಂದೆ, ಮದುವೆಗೆ ನಾಲ್ಕು ತಿಂಗಳು ಮುಂಚೆ. ಆಗಿನ ತಕ್ಕಡಿಗಳು ರೀಸೆಟ್ ಆದರೂ ಬಟ್ಟಲಿನ ತೂಕ ಮರೆಯುತ್ತಿರಲಿಲ್ಲ. ಆದರೆ ಪ್ರತಿ ಸಲ ಕೆಂಪು ಸಾಲು ಬಂದು ಯಂತ್ರ ನಿಲ್ಲುತ್ತಿತ್ತು, ಗಿರಾಕಿಗಳು ಬೈಯುತ್ತಿದ್ದರು. ನಮ್ಮ ಮ್ಯಾನೇಜರ್, "ಆ ಗಲಾಟೆ ನಿಲ್ಸಿ" ಎಂದರು. ನಾನು ಎರಡು ಸಾಲು ಬರೆದೆ: ತಕ್ಕಡಿಯ ಮೊದಲ ಉತ್ತರ 'ಈಗಷ್ಟೇ ಎದ್ದೆ' ಎಂದಿದ್ದರೆ ಅದನ್ನು ಬಿಟ್ಟುಬಿಡು, ಇನ್ನೊಮ್ಮೆ ಕೇಳು. ಎರಡನೇ ಸಲ ತಕ್ಕಡಿ ಸುಮ್ಮನೆ ತೂಕ ಹೇಳುತ್ತದೆ. ಗಲಾಟೆ ನಿಂತಿತು, ನನಗೆ ಬಡ್ತಿ ಸಿಕ್ಕಿತು. ಎರಡು ವರ್ಷದ ಹಿಂದೆ ಕಂಪನಿ ಹೊಸ ಬಗೆಯ ತಕ್ಕಡಿ ಕೊಂಡಿತು. ಅವು ರೀಸೆಟ್ ಆದರೆ ಎಲ್ಲವನ್ನೂ ಮರೆಯುತ್ತವೆ. ನಾನು ಆ ಎರಡು ಸಾಲನ್ನು ತೆಗೆದು ನೋಡಲೇ ಇಲ್ಲ.

ನಿನ್ನ ಮೊದಲ ಕಾಗದ ಬಂದ ದಿನವೇ ನನಗೆ ಅನುಮಾನ ಬಂದಿತ್ತು. ಮ್ಯಾನೇಜರ್ ಹತ್ತಿರ ಹೋಗಿ ಹೇಳಿದೆ. ಟೈ ಕಟ್ಟಿದವರು ಬಂದದ್ದು ಹಾಗೆ. ನಾನು ಯಂತ್ರದ ಬಗ್ಗೆ ಹೇಳಿದ್ದನ್ನು ಅವರು ನಿನ್ನ ಮೇಲೆ ತಿರುಗಿಸಿದರು, ನಾನು ಬಾಯಿ ಮುಚ್ಚಿಕೊಂಡಿದ್ದೆ. ಡಬ್ಬಿ ಖಾಲಿ ಎಂದು ನೀನು ಬರೆದಾಗ ನನಗೆ ಒಳಗೊಳಗೇ ಸಮಾಧಾನವಾಯಿತು ಎಂದರೆ ನಂಬುತ್ತೀಯಾ? ನೀನು ಕಳ್ಳಿಯಾದರೆ ನಾನು ನಿರಪರಾಧಿ. ಹನ್ನೆರಡು ದಿನ ಅದೇ ಸಮಾಧಾನದಲ್ಲಿ ಊಟ ಮಾಡಿದ್ದೇನೆ.

ಈಗ ಲೆಕ್ಕ. ನಿನ್ನ ಹಾಳೆಯಂತೆ ಏಳು ರೀಸೆಟ್‌ಗಳ ನಂತರ ಪಾಳಿ ಮುಗಿಯುವವರೆಗೆ ತುಂಬಿದ ಪೊಟ್ಟಣ ಮೂರು, ಎಂಟು, ನಾಲ್ಕು, ಹತ್ತು, ಐದು, ಆರು, ಆರು. ಒಟ್ಟು ನಲವತ್ತೆರಡು. ಬಟ್ಟಲಿನ ತೂಕ ಪಾಯಿಂಟ್ ನಾಲ್ಕು ಗ್ರಾಂ. ಡಬ್ಬಿಯಲ್ಲಿ 16.8 ಗ್ರಾಂ ಉಳಿದಿರಲೇಬೇಕು. ಅದೇನಾಯಿತೋ ನನಗೆ ತಿಳಿಯದು, ಇನ್ನು ಕೇಳುವುದೂ ಇಲ್ಲ. ಯಂತ್ರದ ತಪ್ಪನ್ನು ನನ್ನ ಹೆಸರು ಹಾಕಿ, ಸಹಿ ಮಾಡಿ, ತನಿಖೆಯವರಿಗೆ ನೇರವಾಗಿ ಕಳಿಸಿದ್ದೇನೆ. ನಿಮ್ಮಣ್ಣನಿಗೂ ಎಲ್ಲ ಹೇಳಿದೆ. ಅವರು ಚಪ್ಪಲಿ ಮೆಟ್ಟಿಕೊಂಡು, "ಅಂಚೆ ಡಬ್ಬಿವರೆಗೆ ನಾನೂ ಬರ್ತೀನಿ" ಎಂದರು.

ಇದೇ ಡ್ರೈವರ್, ಇದೇ ಹೊಸ ತಕ್ಕಡಿ ಇನ್ನೂ ಇನ್ನೂರ ಒಂಬತ್ತು ಕಡೆ ಇದೆ. ಎರಡು ವರ್ಷದಲ್ಲಿ ಬೇರೆಲ್ಲಿಂದಲೂ ಡಬ್ಬಿಯಲ್ಲಿ ಪುಡಿ ಹೆಚ್ಚು ಉಳಿಯಿತು ಎಂಬ ಒಂದು ದೂರೂ ಇಲ್ಲ, ಆದ್ದರಿಂದ ಯಾರಿಗೂ ತಿಳಿಸುವ ಅಗತ್ಯವಿಲ್ಲ ಎಂದು ಮ್ಯಾನೇಜರ್ ವಾದ. ಆ ಮಾತಿಗೆ ಮಾತ್ರ ನನ್ನ ಬಳಿ ಉತ್ತರವಿಲ್ಲ.

ನಿನ್ನ ಅತ್ತಿಗೆ, ಹಾಗೆಂದು ಕರೆಸಿಕೊಳ್ಳುವ ಯೋಗ್ಯತೆ ಉಳಿದಿದ್ದರೆ

*

ಮಾರ್ಚ್ 30

ಅತ್ತಿಗೆ,

ಬರೆಯಬೇಡಿ ಎಂದವಳು ನಾನೇ ಬರೆಯುತ್ತಿದ್ದೇನೆ. ಎಂಟು ದಿನ ಹೊಟ್ಟೆಯಲ್ಲಿಟ್ಟುಕೊಂಡು ನೋಡಿದೆ, ಜೀರ್ಣವಾಗಲಿಲ್ಲ.

ಡಬ್ಬಿ ಖಾಲಿಯಾಗಿರಲಿಲ್ಲ. ಕೊನೆಯ ಪೊಟ್ಟಣ ತುಂಬಿ ಯಂತ್ರ ನಿಂತ ಮೇಲೆ ಮುಚ್ಚಳ ತೆಗೆದರೆ ತಳದಲ್ಲಿ ಪುಡಿ. ಪುಸ್ತಕದ ಪ್ರಕಾರ ಚಿಟಿಕೆಯೂ ಇರಬಾರದು. ನಮ್ಮ ಕೋಣೆಯಲ್ಲಿ ಒಂದು ಮಾತಿದೆ: ಕಡಿಮೆಯಾದರೆ ಕಳ್ಳಿ, ಹೆಚ್ಚಾದರೆ ಸುಳ್ಳಿ. ಹೆಚ್ಚು ಉಳಿಯಿತು ಎಂದರೆ ಎಲ್ಲೋ ರೋಗಿಯ ಪೊಟ್ಟಣಕ್ಕೆ ಕಡಿಮೆ ತುಂಬಿದ್ದೇವೆ ಎಂದರ್ಥ. ನನಗಿಂತ ಮೊದಲು ನನ್ನ ಜಾಗದಲ್ಲಿದ್ದವಳು ಉಳಿದದ್ದನ್ನು ಪ್ರಾಮಾಣಿಕವಾಗಿ ಬರೆದಿಟ್ಟಳು, ಅದೇ ವಾರ ಕೆಲಸ ಕಳೆದುಕೊಂಡು ಮನೆಗೆ ಹೋದಳು. ಅದಕ್ಕೆ ಉಳಿದ ಚಿಟಿಕೆಯನ್ನು ಎಲ್ಲರೂ ಕೈ ತೊಳೆಯುವ ತೊಟ್ಟಿಗೆ ಹಾಕಿ ನೀರು ಬಿಡುತ್ತೇವೆ. ದೊಡ್ಡಕ್ಕನೇ ನನಗೆ ಕಲಿಸಿದ್ದು. ಆ ದಿನ ಚಿಟಿಕೆಯಾಗಿರಲಿಲ್ಲ, ಬಟ್ಟಲಿಗೆ ಸುರಿದರೆ ಅಂಚಿನವರೆಗೆ ಬಂತು. ತೂಗಿದೆ, 17.2 ಗ್ರಾಂ. ನೀರಿಗೆ ಬಿಟ್ಟೆ. ಆ ತೂಕವೇ ಮುನ್ನೂರ ಹನ್ನೆರಡನೇ ಸಾಲು. ನಿಮಗೆ ಬರೆಯುವಾಗ ಅದನ್ನು ಬಿಟ್ಟೆ, ನೀವು ಎಣಿಸುತ್ತೀರಿ ಎಂದು ಹೊಳೆಯಲಿಲ್ಲ.

ಇನ್ನು ಅಮ್ಮನ ನಿದ್ದೆ. ಅಮ್ಮ ನಿದ್ದೆ ಮಾಡುತ್ತಿಲ್ಲ. ಅಣ್ಣ ಕೊರಗಬಾರದೆಂದು ಸುಳ್ಳು ಬರೆದೆ. ಆಸ್ಪತ್ರೆಯಲ್ಲಿ ಅವಳಿಗೆ ಜನವರಿಯಿಂದ ಕೊಡುತ್ತಿರುವುದು ನಮ್ಮ ಕಾರ್ಖಾನೆಯ ಪುಡಿಯೇ, ಚೀಟಿಯ ಮೇಲೆ, ಎಲ್ಲರಂತೆ ಸಾಲಿನಲ್ಲಿ ನಿಂತು ತಂದದ್ದು. "ಇವತ್ತಿನದು ಹಿಡೀಲಿಲ್ಲ ಕಣೇ, ನಿನ್ನೆದು ಹಿಡಿದಿತ್ತು, ಇದ್ರಲ್ಲಿ ಕಮ್ಮಿ ಇದೆ" ಎಂದು ಗೋಡೆ ಹಿಡಿದು ನಿಲ್ಲುತ್ತಿದ್ದಳು. ನಾನು ಏನಂದೆ ಗೊತ್ತೇ? "ನಾಟಕ ಮಾಡ್ಬೇಡಮ್ಮ, ಅದನ್ನ ತೂಗಿದ್ದು ನಾನು" ಎಂದೆ. ಒಂದು ಸಲವಲ್ಲ. ನೀವು ಅವಳ ನಿದ್ದೆಯನ್ನು ಸಂಶಯಿಸಿದಿರಿ ಎಂದು ಕೂಗಾಡಿದೆ. ನಾನು ಅವಳ ನೋವನ್ನೇ ಸಂಶಯಿಸಿದವಳು.

ಈಗ ನಿಜ ಹೇಳಿದರೆ ಲಾಭವಿದೆಯೋ ಇಲ್ಲವೋ ತಿಳಿಯದು. ತೊಳೆದದ್ದು ನೀರುಪಾಲಾಯಿತು, ಉಳಿದದ್ದು ನನ್ನ ಬಾಯಿಮಾತು.

ಗುಬ್ಬಿ

*

ಏಪ್ರಿಲ್ 4

ಗುಬ್ಬಿ,

ನಮ್ಮ ಕಾಗದಗಳು ದಾರಿಯಲ್ಲಿ ಒಂದನ್ನೊಂದು ದಾಟಿ ಹೋಗಿವೆ. ಅತ್ತೆಯವರ ಬಗ್ಗೆ ಓದಿ ನಿಮ್ಮಣ್ಣ ಎದ್ದು ಹೊರಗೆ ಹೋದರು. ನನಗೆ ನಾಚಿಕೆಯಾಗಿದೆ.

ಒಂದು ವಿಷಯಕ್ಕೆ ಮಾತ್ರ ಬರೆಯುತ್ತಿದ್ದೇನೆ, 9ರ ಮೊದಲು ಮುಟ್ಟಲಿ. ನನ್ನ ಲೆಕ್ಕ 16.8. ನಿನ್ನ ತೂಕ 17.2. ಪಾಯಿಂಟ್ ನಾಲ್ಕು ಗ್ರಾಂ ತಾಳೆಯಾಗುತ್ತಿಲ್ಲ. ನಿನ್ನ ಮೇಲೆ ಅನುಮಾನವಲ್ಲ, ಅಥವಾ ಸ್ವಲ್ಪ ಇದೆಯೋ ಏನೋ, ಈ ಚಟ ಬೇಗ ಬಿಡುವುದಿಲ್ಲ. ಟೈ ಕಟ್ಟಿದವರು ಅದನ್ನೇ ಹಿಡಿಯುತ್ತಾರೆ. ಇನ್ನೂ ಏನಾದರೂ ಮುಚ್ಚಿಟ್ಟಿದ್ದರೆ ಅಲ್ಲಿ ಹೇಳಿಬಿಡು.

ಇವತ್ತು ನನ್ನ ಮೇಜಿನ ಕೀಲಿ ವಾಪಸ್ ಕೇಳಿದರು. ಕೊಟ್ಟೆ.

ಅತ್ತಿಗೆ

*

ಏಪ್ರಿಲ್ 11

ಅತ್ತಿಗೆ,

ವಿಚಾರಣೆಯನ್ನು ತೂಗುವ ಕೋಣೆಯಲ್ಲೇ ಇಟ್ಟಿದ್ದರು. ನಾನು ತೊಳೆದದ್ದನ್ನು ಒಪ್ಪಿಕೊಂಡೆ. ತನಿಖಾಧಿಕಾರಿ ಕನ್ನಡಕ ತೆಗೆದು, "ಎಸೆಯೋದೇ ಆದ್ರೆ ತೂಗಿದ್ದು ಯಾಕಮ್ಮ?" ಎಂದರು. ನಾನು, "ತೂಗದೆ ಯಾವುದನ್ನೂ ಎಸೆದು ಅಭ್ಯಾಸ ಇಲ್ಲ ಸಾರ್" ಎಂದೆ. ಒಬ್ಬರು ನಕ್ಕರು, ನನಗೆ ನಗು ಬರಲಿಲ್ಲ.

ಲಾಗ್ ತೆರೆದು 312 ಓದಿದರು, 17.2. ನಿಮ್ಮ ಸಹಿಯ ಕಾಗದ ಓದಿದರು, 16.8. ಟೈ ಕಟ್ಟಿದವರು ಕುರ್ಚಿ ಮುಂದೆಳೆದುಕೊಂಡು, "ಅತ್ತಿಗೆ ನಾದಿನಿ ಸೇರಿ ಕಥೆ ಹೊಸೆದಿದ್ದಾರೆ, ಆದ್ರೆ ಲೆಕ್ಕ ಕೂಡಿಸೋದು ಮರೆತಿದ್ದಾರೆ" ಎಂದರು. ನಿಮ್ಮ ಕಾಗದ ಹಿಂದಿನ ದಿನವೇ ಬಂದಿತ್ತು, ನನಗೂ ಉತ್ತರ ಹೊಳೆದಿರಲಿಲ್ಲ.

ಆಗ ದೊಡ್ಡಕ್ಕ ಬಾಗಿಲ ಹತ್ತಿರದಿಂದ ಮುಂದೆ ಬಂದಳು. ಯಾರೂ ಕರೆದಿರಲಿಲ್ಲ. ಖಾಲಿ ಬಟ್ಟಲನ್ನು ತಕ್ಕಡಿಯ ಮೇಲಿಟ್ಟು ಅದರ ತೂಕ ಹೇಳಿಕೊಟ್ಟಳು, ಪರದೆಯಲ್ಲಿ ಸೊನ್ನೆ. ಬಟ್ಟಲು ತೆಗೆದಳು. ಮೇಜಿನ ಮೂಲೆಯಲ್ಲಿ ರೀಡರಿನ ತಂತಿಯನ್ನು ಇನ್ನಷ್ಟು ಮಡಚಿ ಹಿಡಿದಳು. ರೀಡರ್ ಕಣ್ಣು ಮುಚ್ಚಿತು, ಐದು ಸೆಕೆಂಡು ಕಳೆಯಿತು, ತೆರೆಯಿತು. ಕೆಂಪು ಸಾಲು ಬರಲಿಲ್ಲ. ಅದೇ ಖಾಲಿ ಬಟ್ಟಲನ್ನು ಮತ್ತೆ ಇಟ್ಟಳು. ಪರದೆಯಲ್ಲಿ ಪಾಯಿಂಟ್ ನಾಲ್ಕು.

"ಆ ದಿನವೂ ರೀಸೆಟ್ ಆಗಿತ್ತು ಸಾರ್, ಅವಳು ಉಳಿದದ್ದನ್ನ ಬಟ್ಟಲಲ್ಲಿ ಹಾಕಿ ತೂಗಿದ್ದು ಅದಾದ್ಮೇಲೆ" ಎಂದಳು. "ಬಟ್ಟಲೂ ಸೇರ್ಕೊಂಡಿದೆ. ಸುಳ್ಳು ಹೇಳೋಳಾಗಿದ್ರೆ ಲೆಕ್ಕ ಸರಿಯಾಗೇ ಹೇಳ್ತಿದ್ಲು."

ಅಧಿಕಾರಿ ತಾವೇ ಎದ್ದು ಬಂದು ಬಟ್ಟಲನ್ನು ಮೂರು ಸಲ ಇಟ್ಟು ತೆಗೆದರು. ಟೈ ಕಟ್ಟಿದವರು ಫೋನು ಬಂದಂತೆ ಹೊರಗೆ ಹೋದರು.

ಕಳ್ಳತನದ ಆರೋಪ ಬಿಟ್ಟಿದ್ದಾರೆ, ಬರಹದಲ್ಲಿ ಕೊಟ್ಟಿದ್ದಾರೆ. ಸರಕು ತೊಳೆದು ಪುಸ್ತಕದಲ್ಲಿ ಸುಳ್ಳು ಬರೆದದ್ದಕ್ಕೆ ಇನ್ನು ನಾನು ತೂಗುವ ಕೋಣೆಗೆ ಕಾಲಿಡುವಂತಿಲ್ಲ. ಲೇಬಲ್ ಅಂಟಿಸುವ ಕಡೆ ಹಾಕಿದ್ದಾರೆ. ಹೊಟ್ಟೆ ಉರಿಯುತ್ತದೆ, ಆದರೆ ಅನ್ಯಾಯ ಎನ್ನಲಾರೆ.

ಅಮ್ಮನಿಗೆ ಎಲ್ಲವನ್ನೂ ಹೇಳಿ, ತಪ್ಪಾಯಿತು ಎಂದೆ. ಅವಳು ಗೋಡೆಯ ಕಡೆ ತಿರುಗಿ, "ನಾನು ಹೇಳಿದ್ದು ನಾಟಕ, ಮೆಷಿನ್ ಹೇಳಿದ್ದು ವೇದವಾಕ್ಯ. ಹೋಗಿ ಅದರ ಹತ್ರಾನೇ ಊಟ ಕೇಳು" ಎಂದಳು. ಈ ವಾರದ ಪೊಟ್ಟಣಗಳನ್ನು ಆಸ್ಪತ್ರೆಯಲ್ಲೇ ಕೈಯಿಂದ ತೂಗಿಸಿ ತಂದೆ. ಈ ಸಲದ ನಿದ್ದೆ ಸುಳ್ಳಲ್ಲ.

ಇನ್ನು ನಿಮ್ಮ ಮ್ಯಾನೇಜರ್ ವಾದಕ್ಕೆ ನನ್ನ ಹತ್ತಿರ ಉತ್ತರವಿದೆ. ಇನ್ನೂರ ಒಂಬತ್ತು ಕಡೆಯಿಂದ ದೂರು ಬಂದಿಲ್ಲ ಎಂದರೆ, ಇನ್ನೂರ ಒಂಬತ್ತು ಕೋಣೆಗಳಲ್ಲೂ ಕೈ ತೊಳೆಯುವ ತೊಟ್ಟಿ ಇದೆ ಎಂದರ್ಥ. ವಿಳಾಸಗಳೆಲ್ಲ ನಿಮಗೆ ಬಾಯಿಪಾಠ ಇರಬೇಕು. ಕಂಪನಿ ಬರೆಯದಿದ್ದರೆ ನೀವು ಬರೆಯಿರಿ, ಮ್ಯಾನೇಜರುಗಳಿಗಲ್ಲ, ತೂಗುವವರಿಗೆ. ಡಬ್ಬಿಯಲ್ಲಿ ಹೆಚ್ಚು ಉಳಿಯಿತೇ ಎಂದು ಮಾತ್ರ ಕೇಳಬೇಡಿ. ನೀವು ಕೇಳಿದಾಗ ನಾನು ಏನು ಹೇಳಿದೆ ನೆನಪಿದೆಯಲ್ಲ. ನಾನು ಹದಿನಾರು ಪಾಯಿಂಟ್ ಎಂಟು ಗ್ರಾಂ ತೊಳೆದಿದ್ದೇನೆ, ನಮ್ಮಮ್ಮ ಅದಕ್ಕೆ ಆರು ವಾರ ನರಳಿದಳು ಎಂದು ಮೊದಲ ಸಾಲಿನಲ್ಲೇ ಬರೆಯಿರಿ. ಓದಿದವರು ಆಮೇಲೆ ತಾವಾಗಿಯೇ ಹೇಳುತ್ತಾರೆ.

ಕೆಳಗೆ ನನ್ನ ಹೆಸರು ಹಾಕಿ. ಗುಬ್ಬಿ ಎಂದಲ್ಲ, ಅಪ್ಪನ ಹೆಸರೂ ಕಾರ್ಖಾನೆಯ ವಿಳಾಸವೂ ಸೇರಿದ ಪೂರ್ತಿ ಹೆಸರು.